ಅಟ್ಟಣೆ ಮೇಲೆ ಕೂತು ಕಂಡಿದ್ದು

"ನಾಯಿ ಕಾಯೋಕೆ ಅಷ್ಟು ದೂರ ಹೋದ್ಯೇನೋ?" ಅಂತ ಅಮ್ಮ ಫೋನಿನಲ್ಲಿ ನಕ್ಕಿದ್ದಳು. ಪ್ರೇರಿ ಡಾಗ್ ಹೆಸರಿಗಷ್ಟೇ ನಾಯಿ, ಜಾತಿಯಲ್ಲಿ ಅಳಿಲು. ಕಾಯುವ ಕೆಲಸ ಅನ್ನುವುದು ಮಾತ್ರ ನಿಜ.

ನಾನು ಸಂಶೋಧನಾ ಸಹಾಯಕನಾಗಿ ಸೇರಿದ್ದು ಅಮೆರಿಕದ ಕೊಲೊರಾಡೊದ ಅರಾಪಹೋ ವನ್ಯಧಾಮದಲ್ಲಿ. ಅಲ್ಲಿರುವುದು ಬಿಳಿ ಬಾಲದ ಜಾತಿ. ಜೀವಶಾಸ್ತ್ರಜ್ಞ ಜಾನ್ ಹೂಗ್ಲಂಡ್ 1970ರ ದಶಕದಲ್ಲಿ ದಕ್ಷಿಣ ಡಕೋಟಾದ ವಿಂಡ್ ಕೇವ್ ರಾಷ್ಟ್ರೀಯ ಉದ್ಯಾನದಲ್ಲಿ ಕಪ್ಪು ಬಾಲದವುಗಳ ಮೇಲೆ ರೂಢಿಸಿದ ಕ್ರಮವೇ ನಮ್ಮದೂ: ಗುರುತು ಹಾಕು, ಕೂತು ನೋಡು, ಬರೆದುಕೋ, ಮರುವರ್ಷ ಮತ್ತೆ ಬಾ.

ಬೋನಿಗೆ ಓಟ್ಸ್ ಹಾಕಿ ಹಿಡಿಯುತ್ತಿದ್ದೆವು. ಶಂಕುವಿನಾಕಾರದ ದಪ್ಪ ಬಟ್ಟೆಯ ಚೀಲಕ್ಕೆ ನುಗ್ಗಿಸಿದರೆ ಮೂತಿ ಕಿರಿದಾದ ತುದಿಯಲ್ಲಿ ಸಿಕ್ಕಿಕೊಳ್ಳುತ್ತದೆ, ಕಚ್ಚಲು ಆಗದು. ಕಿವಿಗೆ ಲೋಹದ ಬಿಲ್ಲೆ, ಪಕ್ಕೆಗೆ ಕಪ್ಪು ಬಣ್ಣದಲ್ಲಿ ಅಂಕಿ. ಬಣ್ಣ ಆರುವ ಮೊದಲೇ ಬಿಟ್ಟರೆ 3 ಹೋಗಿ 8 ಆಗಿಬಿಡುತ್ತದೆ. ಕೂದಲು ಉದುರಿದಾಗ ಅಂಕಿಯೂ ಹೋಗಿ ಮತ್ತೆ ಬೋನು, ಮತ್ತೆ ಬಣ್ಣ. ನನ್ನ ಉಗುರುಗಳಂತೂ ಇಡೀ ಋತು ಕಪ್ಪಗೇ ಇದ್ದವು.

ಬೆಳಿಗ್ಗೆ ಮೊದಲನೆಯದು ತಲೆ ಹಾಕುವ ಮುಂಚೆಯೇ ಅಟ್ಟಣೆ ಹತ್ತಬೇಕು, ಸಂಜೆ ಕೊನೆಯದು ಬಿಲ ಸೇರಿದ ಮೇಲೇ ಇಳಿಯಬೇಕು. ಯಾರು ಯಾವ ಬಿಲದಲ್ಲಿ ಮಲಗಿದರು ಅನ್ನುವುದೇ ಮರುದಿನದ ಲೆಕ್ಕಕ್ಕೆ ಆಧಾರ. ಹೆಚ್ಚಿನ ಹೊತ್ತು ಅವು ಹುಲ್ಲು ಮೇಯುತ್ತವೆ, ಅಷ್ಟೇ. ಬೇಜಾರು ಬರುವುದಿಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಆದರೆ ಒಂದು ದಿನ, ಮೇಯುತ್ತಿದ್ದ ತಾಯಿಯೊಂದು ಇದ್ದಕ್ಕಿದ್ದಂತೆ ಓಡಿ ನೆಲದಳಿಲಿನ (ಅದೇ ಬಯಲಿನಲ್ಲಿರುವ ಇನ್ನೊಂದು ಜಾತಿಯ ಅಳಿಲು) ಮರಿಯೊಂದನ್ನು ಹಿಡಿದು, ಕಚ್ಚಿ, ಕೊಡವಿ ಕೊಂದಿತು. ತಿನ್ನಲಿಲ್ಲ. ಅಲ್ಲೇ ಬಿಟ್ಟು ಮತ್ತೆ ಹುಲ್ಲಿಗೆ ಬಾಯಿ ಹಾಕಿತು. ಎರಡಕ್ಕೂ ಬೇಕಾದದ್ದು ಅದೇ ಹುಲ್ಲು. ಹೀಗೆ ಕೊಲ್ಲುವ ತಾಯಂದಿರ ಮರಿಗಳು ಹೆಚ್ಚು ಬದುಕುತ್ತವೆ ಅಂತ ಹೂಗ್ಲಂಡ್ ಮತ್ತು ಚಾರ್ಲ್ಸ್ ಬ್ರೌನ್ 2016ರಲ್ಲಿ ಪ್ರಕಟಿಸಿದ್ದು ಇದೇ ವನ್ಯಧಾಮದ ದಾಖಲೆಗಳಿಂದ.

ನನ್ನ ತಪ್ಪೊಂದನ್ನೂ ಹೇಳಬೇಕು. ಹೆಣ್ಣು ಬೆದೆಗೆ ಬರುವುದು ವರ್ಷಕ್ಕೊಂದೇ ದಿನ, ಅದೂ ಕೆಲವೇ ಗಂಟೆ. ಕೂಡುವುದು ಹೆಚ್ಚಾಗಿ ಬಿಲದೊಳಗೆ. ಯಾವ ಗಂಡು ಅವಳ ಹಿಂದೆ ಇಳಿಯಿತು, ಎಷ್ಟು ಹೊತ್ತು ಒಳಗಿತ್ತು, ಮೇಲೆ ಬಂದು ಹೇಗೆ ಕೂಗಿತು, ಇವುಗಳಿಂದಲೇ ಊಹಿಸಬೇಕು. ಆ ಏಪ್ರಿಲ್ ಬೆಳಿಗ್ಗೆ ಚಳಿಗೆ ಬೆರಳು ಸೆಟೆದು, ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಳ್ಳಲು ತಿರುಗಿದೆ. ಮತ್ತೆ ದುರ್ಬೀನು ಎತ್ತಿದಾಗ, ಅಂದು ಬೆದೆಗೆ ಬಂದಿದ್ದ 12ನೇ ಅಂಕಿಯ ಹೆಣ್ಣು ಕಾಣಲಿಲ್ಲ. ಹತ್ತಿರದಲ್ಲಿದ್ದ ಎರಡು ಗಂಡುಗಳೂ ಇಲ್ಲ.

ಜೂನ್‌ನಲ್ಲಿ ಅವಳ ಬಿಲದಿಂದ ಐದು ಮರಿ ಹೊರಬಂದವು. ಐದಕ್ಕೂ ಬಿಲ್ಲೆ ಹಾಕಿದೆ. ನನ್ನ ಪುಸ್ತಕದಲ್ಲಿ ಅಪ್ಪನ ಹೆಸರಿನ ಕಾಲಂನಲ್ಲಿ ಮಾತ್ರ ಪ್ರಶ್ನಾರ್ಥಕ ಚಿಹ್ನೆ ಹಾಗೇ ಇದೆ.