ಮೂಲೆ ಕಿರಿದು ಮಾಡಿದೆ, ಬಸ್ಸೂ ತಿರುಗಿತು

"ಬಸ್ಸು ತಿರುಗಲ್ಲ ಸಾರ್." ಮೂರು ಮೀಟಿಂಗ್‌ನಲ್ಲೂ ಇದೇ ಮಾತು. ಗಾಡಿ ನಿಧಾನಕ್ಕೆ ತಿರುಗಲಿ, ಜನ ದಾಟುವ ದೂರ ಕಮ್ಮಿಯಾಗಲಿ ಅಂತ ಜಂಕ್ಷನ್ ಮೂಲೆಯ ರೇಡಿಯಸ್ಸನ್ನು, ಅಂದರೆ ಫುಟ್‌ಪಾತ್ ಅಂಚು ಬಾಗುವ ತ್ರಿಜ್ಯವನ್ನು, 14 ಮೀಟರಿನಿಂದ 6ಕ್ಕೆ ಇಳಿಸೋಣ ಅಂದಿದ್ದೆ, ಅಷ್ಟೇ. 2009ರಲ್ಲಿ ನ್ಯೂಯಾರ್ಕಿನವರು ಟೈಮ್ಸ್ ಸ್ಕ್ವೇರ್‌ನಲ್ಲಿ ಗಾಡಿ ತಡೆದು ರಸ್ತೆ ಮೇಲೆ ಮೊದಲು ಕುರ್ಚಿ ಹಾಕಿ ನೋಡಿದರು, ಗಟ್ಟಿ ಕೆಲಸ ಆಮೇಲೆ ಅಂದೆ. ಅದೆಲ್ಲ ಅಲ್ಲಿ ಬಿಡಿ ಅಂದರು.

ಡ್ರಾಯಿಂಗ್ ಬಿಟ್ಟು ಧೂಳು ನೋಡಿದೆ. ಬೆಳಗಿನ ಜಾವ ಹೋಗಿ ನಿಂತರೆ ಗೊತ್ತಾಗುತ್ತದೆ. ಚಕ್ರ ಓಡಾಡುವ ಕಡೆ ಡಾಂಬರು ಕರ್ರಗೆ ಮಿಂಚುತ್ತದೆ. ಓಡಾಡದ ಕಡೆ ಮಣ್ಣು, ತರಗೆಲೆ, ಬಾಟಲಿ ಮುಚ್ಚಳ ಕೂತಿರುತ್ತವೆ. ಅಷ್ಟು ಜಾಗ ಬಸ್ಸಿಗೂ ಬೇಕಿಲ್ಲ ಅಂತ ಅರ್ಥ. ಆ ಮಣ್ಣಿನ ಅಂಚಿಗೇ ಸೀಮೆಸುಣ್ಣದ ಗೆರೆ ಎಳೆದೆ.

ಮೊದಲು ಕೋನ್ ಇಟ್ಟೆವು. ಒಂದೇ ರಾತ್ರಿಗೆ ಅರ್ಧ ಮಾಯ, ಉಳಿದವು ಲಾರಿ ಕೆಳಗೆ ಅಪ್ಪಚ್ಚಿ. ಆಮೇಲೆ ಬಣ್ಣ. ಧೂಳು ಸರಿಯಾಗಿ ತೊಳೆಯದೆ ಬಳಿದಿದ್ದೆ, ಎರಡು ವಾರಕ್ಕೆ ಸಿಪ್ಪೆ ಎದ್ದಿತು. ಮೂರನೇ ಸಲ ಬಣ್ಣದ ಜೊತೆ ಬಾಗುವ ಕಂಬ. ಅದು ನಿಂತಿತು. ಯಾವ ಕಂಬ ಮೊದಲು, ಯಾವ ಹೊತ್ತಿನಲ್ಲಿ ನೆಡಬೇಕು ಅನ್ನುವುದನ್ನು ಮಾತ್ರ ಹೇಳಲ್ಲ. ಹೊಟ್ಟೆಪಾಡು, ಅಲ್ವಾ.

ಆಮೇಲೆ ಗಟ್ಟಿ ಕೆಲಸ. ದುಡ್ಡು ತಿಂದಿದ್ದು ಕರ್ಬ್ ಸ್ಟೋನ್ (ಫುಟ್‌ಪಾತ್ ಅಂಚಿನ ಕಲ್ಲು) ಅಲ್ಲ, ಚರಂಡಿ. ಫುಟ್‌ಪಾತ್ ಮುಂದಕ್ಕೆ ಬಂದರೆ ನೀರಿಳಿಯುವ ಬಾಯಿಯೂ ಮುಂದಕ್ಕೆ ಬರಬೇಕು. ಮೊದಲ ಎಸ್ಟಿಮೇಟ್‌ನಲ್ಲಿ ಸುಮಾರು 60 ಪರ್ಸೆಂಟ್ ಅದಕ್ಕೇ ಹೋಯಿತು. ಫೈಲ್ ಅಲ್ಲೇ ಕೂತಿತು. ಆಮೇಲೆ ಹೊಳೆಯಿತು, ಹಳೆ ಕರ್ಬ್ ಮುಟ್ಟುವುದೇ ಬೇಡ! ಅದರಿಂದ ಒಂದಡಿ ಬಿಟ್ಟು ದ್ವೀಪದ ಹಾಗೆ ಕಟ್ಟಿಸಿ, ಸಂದಿಗೆ ಕಬ್ಬಿಣದ ಜಾಲರಿ ಮುಚ್ಚಿಸಿದೆ. ನೀರು ತನ್ನ ಹಳೆ ದಾರಿಯಲ್ಲೇ ಹೋಯಿತು. ಖರ್ಚು ಅರ್ಧಕ್ಕಿಂತ ಕೆಳಗೆ ಬಂತು. ಅಲ್ಲೂ ಒಂದು ತಪ್ಪಾಯಿತು. ಜಾಲರಿಯ ಪಟ್ಟಿಗಳು ಜನ ನಡೆಯುವ ದಿಕ್ಕಿಗೇ ಇದ್ದವು, ಮೊದಲ ದಿನವೇ ಒಂದು ಗಾಲಿಕುರ್ಚಿಯ ಮುಂದಿನ ಚಕ್ರ ಸಿಕ್ಕಿಕೊಂಡಿತು. ಎಲ್ಲವನ್ನೂ ಕಿತ್ತು ಅಡ್ಡಕ್ಕೆ ಹಾಕಿಸಿದೆ, ಕೈಯಿಂದಲೇ ಕೊಟ್ಟು.

ಮಧ್ಯೆ ಒಂದು ಹುಚ್ಚು. ದ್ವೀಪದಲ್ಲಿ ಸುಮ್ನೆ ಪೊದೆ ಗಿಡ ನೆಟ್ಟೆ. ಚೆನ್ನಾಗಿಯೇ ಬೆಳೆಯಿತು, ದಾಟಲು ನಿಂತ ಮಕ್ಕಳು ಡ್ರೈವರಿಗೆ ಕಾಣದಷ್ಟು! ಅದನ್ನೂ ಕಿತ್ತೆ.

ಎರಡು ಗೆರೆ, ಒಂದು ಸ್ಟಾಪ್‌ವಾಚ್ ಇಟ್ಟುಕೊಂಡು ಅಳೆದಿದ್ದು ನೆನಪಿದೆ. ತಿರುಗುವ ಕಾರುಗಳು ಗಂಟೆಗೆ 30 ಕಿ.ಮೀ. ಆಸುಪಾಸಿನಲ್ಲಿದ್ದವು, 16-18ಕ್ಕೆ ಇಳಿದವು. ದಾಟುವ ದೂರ 14 ಮೀಟರ್ ಇದ್ದದ್ದು 9 ಆಯಿತು. 12 ಸೆಕೆಂಡ್ ಹಿಡಿಯುತ್ತಿದ್ದ ದಾಟು 8ರೊಳಗೆ ಮುಗಿಯುತ್ತದೆ. ಮಿಕ್ಕ ಸೆಕೆಂಡುಗಳನ್ನು ಗಾಡಿಗಳ ಹಸಿರು ದೀಪಕ್ಕೇ ಕೊಟ್ಟೆವು. ಬಸ್ಸೂ ತಿರುಗಿತು, ಬಸ್ಸಿನ ಮಾತು ಅಲ್ಲಿಗೆ ನಿಂತಿತು.

ಮೊನ್ನೆ ಎದುರು ಮೂಲೆಯ ಧೂಳು ನೋಡಿ ಬಂದೆ. ಅಲ್ಲಿ ಜಾಗ ಇನ್ನೂ ಜಾಸ್ತಿ ಇದೆ.