ಇಳಿಜಾರು ತರುವ ತೊಡೆನೋವು: ನನ್ನ ಅನುಭವ

ಬೆಂಗಳೂರಿನಲ್ಲಿ ಓಟಗಾರರಿಗೆ ಫಿಸಿಯೋಥೆರಪಿ ಮಾಡುವ ನನ್ನ ಬಳಿಗೆ ಸೋಮವಾರ, ಮಂಗಳವಾರಗಳಲ್ಲಿ ತೊಡೆ ಹಿಡಿದುಕೊಂಡು ಬರುವವರಲ್ಲಿ ಬಹಳ ಮಂದಿ ಭಾನುವಾರ ನಂದಿಬೆಟ್ಟದ ಮೆಟ್ಟಿಲು ಹತ್ತಿಳಿದವರು. ಹತ್ತುವಾಗಲೇ ಏದುಸಿರು ಬಂದದ್ದು, ಇಳಿಯುವುದು ಸಲೀಸಾಗಿತ್ತು ಎನ್ನುತ್ತಾರೆ. ನೋವು ತಂದದ್ದು ಆ ಸಲೀಸಾದ ಇಳಿತವೇ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಮೈಭಾರವನ್ನು ತಡೆಯಲು ಬಿಗಿಯಾಗಿದ್ದುಕೊಂಡೇ ಹಿಗ್ಗಬೇಕಾಗುತ್ತದೆ. ಆ ಎಳೆತಕ್ಕೆ ಸ್ನಾಯುತಂತುಗಳೊಳಗಿನ ಅತಿಸೂಕ್ಷ್ಮ ಘಟಕಗಳಲ್ಲಿ ಕೆಲವು ಹಾನಿಗೊಳ್ಳುತ್ತವೆ.

ಈ ನೋವಿಗೆ ಶ್ರಮಪಡುವ ಸ್ನಾಯುವಿನಲ್ಲಿ ಉಂಟಾಗುವ ಲ್ಯಾಕ್ಟಿಕ್ ಆಮ್ಲವೇ ಕಾರಣ ಎಂಬ ಮಾತು ಇನ್ನೂ ಜಿಮ್‌ಗಳಲ್ಲಿ ಕೇಳಿಬರುತ್ತದೆ. ಆದರೆ ವ್ಯಾಯಾಮ ಮುಗಿದ ಒಂದೆರಡು ಗಂಟೆಗಳಲ್ಲಿ ರಕ್ತದಲ್ಲಿನ ಲ್ಯಾಕ್ಟೇಟ್ (ಆ ಆಮ್ಲ ದೇಹದಲ್ಲಿರುವ ರೂಪ) ಮೊದಲಿನ ಮಟ್ಟಕ್ಕೆ ಇಳಿದಿರುತ್ತದೆ, ನೋವು ತೀವ್ರವಾಗುವುದು 24ರಿಂದ 72 ಗಂಟೆಗಳ ನಡುವೆ. ಈ ಅವಧಿಯಲ್ಲಿ ಒಳಗೆ ನಡೆಯುವುದು ದುರಸ್ತಿ: ಮೊದಲು ನ್ಯೂಟ್ರೋಫಿಲ್‌ಗಳು, ಅವುಗಳ ಹಿಂದೆ ಮ್ಯಾಕ್ರೋಫೇಜ್‌ಗಳು ಎಂಬ ರೋಗನಿರೋಧಕ ಕೋಶಗಳು ಬಂದು ಹಾಳಾದ ಭಾಗವನ್ನು ತೆರವುಗೊಳಿಸುತ್ತವೆ, ಬಳಿಕ ಸ್ನಾಯುವಿನ ಕಾಂಡಕೋಶಗಳಿಗೆ ಮರುಕಟ್ಟುವ ಸಂಕೇತ ಕೊಡುತ್ತವೆ. ಈ ದುರಸ್ತಿಯ ಭಾಗವೇ ಆದ ಉರಿಯೂತವನ್ನು ಬರಿಯ ಶತ್ರುವೆಂದು ಕಾಣುವುದು ನನಗೆ ಸರಿಕಾಣುವುದಿಲ್ಲ.

ಇಳಿಜಾರಿನ ಓಟಕ್ಕೆ ನಾನೇ ಸಿದ್ಧವಾದಾಗ ಲಾಲ್‌ಬಾಗ್‌ನ ಬಂಡೆಯ ಮೇಲಿಂದ ಸಣ್ಣ ಹೆಜ್ಜೆಯಲ್ಲಿ, ಮೊಣಕಾಲನ್ನು ತುಸು ಮಡಿಸಿಯೇ ಇಟ್ಟುಕೊಂಡು, ಕೆಲವೇ ಸಲ ಇಳಿದು ನಿಲ್ಲಿಸಿದೆ. ಮರುದಿನ ಮಂಡಿಯ ಒಳಮಗ್ಗುಲಿಗೆ ನಾಲ್ಕು ಬೆರಳು ಮೇಲೆ ಹೆಬ್ಬೆರಳಿನಿಂದ ಒತ್ತಿದರೆ ಚುಳ್ಳೆನ್ನುತ್ತಿತ್ತು. ಕುರ್ಚಿಯಿಂದ ಏಳುವಾಗ ಕೈ ತಾನಾಗಿ ತೊಡೆಯನ್ನು ಊರುತ್ತಿತ್ತು. ಆ ದಿನಗಳಲ್ಲಿ ಸಮತಟ್ಟು ದಾರಿಯಲ್ಲಿ ನಡೆದೆ, ಊಟದಲ್ಲಿ ಬೇಳೆ, ಮೊಟ್ಟೆ, ಮೊಸರು ತಪ್ಪಿಸಲಿಲ್ಲ, ನಿದ್ದೆಗೆ ಎಲ್ಲಕ್ಕಿಂತ ಹೆಚ್ಚು ಬೆಲೆ ಕೊಟ್ಟೆ. ನೋವು ಪೂರ್ತಿ ಇಳಿದ ಮೇಲೆ ಅದೇ ಬಂಡೆಯನ್ನು ಅಷ್ಟೇ ಸಲ ಇಳಿದಾಗ ಒತ್ತಿದ ಜಾಗದಲ್ಲಿ ಬರಿಯ ಬಿಗಿತವಷ್ಟೇ ಇತ್ತು. ಒಮ್ಮೆ ಸ್ವಲ್ಪ ಹಾನಿಯುಂಡು ಚೇತರಿಸಿಕೊಂಡ ಸ್ನಾಯು ಹಲವು ವಾರಗಳವರೆಗೆ ಅಂಥದೇ ಶ್ರಮಕ್ಕೆ ಅಷ್ಟಾಗಿ ನೋಯುವುದಿಲ್ಲ; ಆದ್ದರಿಂದ ಬೆಟ್ಟಕ್ಕೆ ಹೋಗುವವರಿಗೆಲ್ಲ ಎರಡು ಮೂರು ವಾರ ಮೊದಲೇ ಸಣ್ಣ ಇಳಿಜಾರನ್ನು ಅಭ್ಯಾಸ ಮಾಡಿಸುತ್ತೇನೆ.

ನೋವುನಿವಾರಕ ಮಾತ್ರೆ ನುಂಗಿ ಓಟಕ್ಕೆ ನಿಲ್ಲುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಬೆವರಿ ನೀರು ಕಡಿಮೆಯಾದ ದೇಹದಲ್ಲಿ ಐಬುಪ್ರೊಫೇನ್, ಡೈಕ್ಲೋಫೆನಾಕ್‌ನಂಥವು ಮೂತ್ರಪಿಂಡಕ್ಕೆ ಹರಿಯುವ ರಕ್ತವನ್ನು ಇನ್ನಷ್ಟು ತಗ್ಗಿಸುತ್ತವೆ. ನೋವು ಸಹಿಸಲಾಗದಷ್ಟಿದ್ದು, ತೊಡೆ ಊದಿಕೊಂಡು, ಮೂತ್ರ ಕಡುಕಾಫಿ ಬಣ್ಣಕ್ಕೆ ತಿರುಗಿದೆ ಎಂದು ಯಾರಾದರೂ ಫೋನಿನಲ್ಲಿ ಹೇಳಿದರೆ, ನನ್ನಲ್ಲಿಗೆ ಬರುವುದು ಬೇಡ, ಈಗಲೇ ಆಸ್ಪತ್ರೆಗೆ ಹೋಗಿ ರಕ್ತದಲ್ಲಿ ಕ್ರಿಯಾಟಿನ್ ಕೈನೇಸ್ (ಹಾನಿಗೊಂಡ ಸ್ನಾಯುವಿನಿಂದ ರಕ್ತಕ್ಕೆ ಸೋರುವ ಕಿಣ್ವ) ಪರೀಕ್ಷೆ ಮಾಡಿಸಿ ಎನ್ನುತ್ತೇನೆ. ಸ್ನಾಯು ವಿಪರೀತ ಒಡೆದಾಗ ರಕ್ತಕ್ಕೆ ಸೇರುವ ಮಯೋಗ್ಲೋಬಿನ್ ಎಂಬ ಸ್ನಾಯುವಿನ ಪ್ರೋಟೀನಿನಿಂದ ಮೂತ್ರಪಿಂಡಗಳೇ ವಿಫಲವಾಗುವ ಅಪಾಯವಿರುತ್ತದೆ.