ಎಆರ್‌ಟಿ ಶುರುವಾದ ಮೇಲೆ ಟಿಬಿ ಜ್ವರ ಮರಳಿದರೆ

ಚಿಕ್ಕಮಗಳೂರು ಜಿಲ್ಲೆಯಲ್ಲಿ ಟಿಬಿ, ಎಚ್‌ಐವಿ ಎರಡೂ ಇರುವವರನ್ನು ನೋಡುವ ವೈದ್ಯ ನಾನು. ಮೂಡಿಗೆರೆ, ಆಲ್ದೂರು ಕಡೆಯ ಕಾಫಿ ತೋಟಗಳಿಂದ ಬರುವವರೇ ಜಾಸ್ತಿ. ಟಿಬಿ ಮಾತ್ರೆಯಿಂದ ಜ್ವರ ಇಳಿದು, ಊಟ ಸೇರತೊಡಗಿದ ಮೇಲೆ ಎಆರ್‌ಟಿ, ಅಂದರೆ ಎಚ್‌ಐವಿ ಅಡಗಿಸುವ ಮಾತ್ರೆ, ಶುರು ಮಾಡುತ್ತೇವೆ. ಕೆಲವರಿಗೆ ಎರಡು ಮೂರು ವಾರದಲ್ಲೇ ಮತ್ತೆ ಜ್ವರ. ಕತ್ತಿನ ಗಡ್ಡೆ ಊದಿಕೊಳ್ಳುತ್ತದೆ. ಎಕ್ಸ್‌ರೇ ಮೊದಲಿಗಿಂತ ಕೆಟ್ಟದಾಗಿ ಕಾಣುತ್ತದೆ. ಇದಕ್ಕೆ ನಾವು ಐರಿಸ್ ಅನ್ನುತ್ತೇವೆ: ಮರಳಿ ಬಂದ ರೋಗನಿರೋಧಕ ಶಕ್ತಿ ಅತಿಯಾಗಿ ಕೆರಳುವುದು.

ಎಆರ್‌ಟಿ ಕೊಡುವ ದಿನವೇ ಇದನ್ನು ಹೇಳಿಬಿಡುತ್ತೇನೆ. 'ನೋಡಿಯಪ್ಪ, ತುಂಬಾ ದಿನ ಕಟ್ಟಿಹಾಕಿದ ನಾಯಿ ಬಿಟ್ಟ ಕೂಡಲೇ ಕಂಡಕಂಡದ್ದರ ಮೇಲೆ ಹಾರುತ್ತೆ ಅಲ್ವಾ? ನಿಮ್ಮ ಮೈಯ ಶಕ್ತಿನೂ ಹಾಗೇ. ಸತ್ತ ಟಿಬಿ ಕ್ರಿಮಿ ಕಂಡ್ರೂ ಹಾರುತ್ತೆ. ಜ್ವರ ಬಂದ್ರೆ ಮಾತ್ರೆ ಬಿಡಬೇಡಿ, ಇಲ್ಲಿಗೆ ಬನ್ನಿ.' ಹೇಳದೇ ಇದ್ದರೆ 'ಈ ಮಾತ್ರೆ ಮೈಗೆ ಆಗಲಿಲ್ಲ' ಅಂತ ಬಿಟ್ಟುಬಿಡುತ್ತಾರೆ. ಹಣ್ಣು ಕೊಯ್ಲಿನ ಕಾಲದಲ್ಲಿ ಬೇರೆ ತೋಟಕ್ಕೆ ಹೋದರಂತೂ ಹುಡುಕುವುದೇ ಕಷ್ಟ.

ಸಿಡಿ4 (ಎಚ್‌ಐವಿ ಕೊಲ್ಲುವ ರೋಗನಿರೋಧಕ ರಕ್ತಕಣ) ಎಣಿಕೆ 100ಕ್ಕಿಂತ ಕಡಿಮೆ ಇದ್ದವರಿಗೆ, ಟಿಬಿ ಮೈಯೆಲ್ಲ ಹರಡಿದವರಿಗೆ ಇದು ಜಾಸ್ತಿ. ಹಾಗಾದರೆ ಎಆರ್‌ಟಿ ತಡ ಮಾಡಿದರೆ ಆಯ್ತಲ್ವಾ? ಇಲ್ಲ. ಕಾಂಬೋಡಿಯಾದಲ್ಲಿ ನಡೆದ ಕಾಮೆಲಿಯಾ ಅಧ್ಯಯನದ ಫಲಿತಾಂಶ 2011ರಲ್ಲಿ ಬಂತು. ಟಿಬಿ ಚಿಕಿತ್ಸೆ ಶುರುವಾಗಿ 2 ವಾರಕ್ಕೆ ಎಆರ್‌ಟಿ ಕೊಟ್ಟವರಲ್ಲಿ ಸತ್ತವರು ಶೇ. 18, 8 ವಾರ ಕಾದವರಲ್ಲಿ ಶೇ. 27. ಬೇಗ ಕೊಟ್ಟವರಲ್ಲಿ ಐರಿಸ್ ಎರಡೂವರೆ ಪಟ್ಟು ಜಾಸ್ತಿ ಇತ್ತು, ಆದರೂ ಬದುಕಿದವರು ಹೆಚ್ಚು. ಹಾಗಾಗಿ ನಾನು 2 ವಾರದೊಳಗೇ ಶುರು ಮಾಡುತ್ತೇನೆ. ಮಿದುಳಿನ ಪೊರೆಗೆ ಟಿಬಿ ಇದ್ದರೆ ಮಾತ್ರ ಕನಿಷ್ಠ 4 ವಾರ ಕಾಯುತ್ತೇನೆ. ತಲೆಬುರುಡೆಯೊಳಗೆ ಊತಕ್ಕೆ ಜಾಗ ಎಲ್ಲಿದೆ?

ಜ್ವರ ಅಂತ ವಾಪಸ್ ಬಂದವರಿಗೆಲ್ಲ ಐರಿಸ್ ಅಂತ ಹೆಸರಿಡುವುದಿಲ್ಲ. ಇದನ್ನು ತೋರಿಸಿಕೊಡುವ ರಕ್ತ ಪರೀಕ್ಷೆಯೇ ಇಲ್ಲ. ಬೇರೆ ಕಾರಣ ಒಂದೊಂದಾಗಿ ಕಳೆಯಬೇಕು. ಮೊದಲು ಖಾಲಿ ಸ್ಟ್ರಿಪ್ ತೋರಿಸಿ ಅನ್ನುತ್ತೇನೆ. ಟಿಬಿಗೆ ರಿಫಾಂಪಿಸಿನ್ ತಿನ್ನುವವರು ಎಚ್‌ಐವಿಯ ಮಾತ್ರೆ ಡೊಲುಟೆಗ್ರಾವಿರ್ 50 ಮಿ.ಗ್ರಾಂ. ದಿನಕ್ಕೆ ಎರಡು ಸಲ ತಗೋಬೇಕು. ಆ ಎರಡನೇ ಮಾತ್ರೆ ಸುಮ್ನೆ ಹಾಗೇ ಉಳಿದಿರುವುದುಂಟು. ಆಮೇಲೆ ಕಫ ಸಿಬಿನ್ಯಾಟ್‌ಗೆ, ಅಂದರೆ ಟಿಬಿ ಕ್ರಿಮಿಯ ಡಿಎನ್‌ಎ ಹುಡುಕುವ ಪರೀಕ್ಷೆಗೆ. ಸತ್ತ ಕ್ರಿಮಿಯಿಂದಲೂ ಪಾಸಿಟಿವ್ ಬರುತ್ತದೆ, ಅದಕ್ಕೆ ಗಾಬರಿ ಬೇಡ. ನಾನು ನೋಡುವುದು ರಿಫಾಂಪಿಸಿನ್‌ಗೆ ಬಗ್ಗದ ಟಿಬಿಯೇ ಅನ್ನುವುದನ್ನು. ಬೇರೆ ಸೋಂಕು ಸೇರಿದೆಯೇ, ಮಾತ್ರೆಯ ಅಲರ್ಜಿಯೇ ಅಂತಲೂ ನೋಡುತ್ತೇನೆ.

ತೊಂದರೆ ಸಣ್ಣದಿದ್ದರೆ ಜ್ವರದ ಮಾತ್ರೆ ಸಾಕು. ಗಡ್ಡೆಯಲ್ಲಿ ಕೀವಿದ್ದರೆ ಸೂಜಿಯಿಂದ ಎಳೆದರೆ ಅಂದೇ ಹಗುರವಾಗುತ್ತದೆ. ಉಸಿರಾಟ ಕಷ್ಟವಾದರೆ, ಜ್ವರ ಇಳಿಯದಿದ್ದರೆ ಊತ ಇಳಿಸುವ ಸ್ಟೀರಾಯ್ಡ್ ಪ್ರೆಡ್ನಿಸೊಲೋನ್: ದಿನಕ್ಕೆ ತೂಕದ ಕಿಲೋಗೆ 1.5 ಮಿ.ಗ್ರಾಂ. ಲೆಕ್ಕದಲ್ಲಿ 2 ವಾರ, ಅದರ ಅರ್ಧ ಇನ್ನೆರಡು ವಾರ. ಶುಗರ್ ನೋಡುತ್ತಿರಬೇಕು. ಕಪೋಸಿ ಸಾರ್ಕೋಮಾ ಅನ್ನುವ ಕ್ಯಾನ್ಸರ್ ಇದ್ದವರಿಗೆ ಕೊಡುವುದಿಲ್ಲ, ಅದು ಏರಿಬಿಡುತ್ತದೆ.

ಡೋಸ್ ಅರ್ಧ ಮಾಡಿದಾಗ ಕೆಲವರಿಗೆ ಜ್ವರ ಮತ್ತೆ ಏರುತ್ತದೆ. ಆಗ ಇನ್ನೊಮ್ಮೆ ಸೋಂಕು ಹುಡುಕಿ, ಏನೂ ಸಿಗದಿದ್ದರೆ ಹಿಂದಿನ ಡೋಸಿಗೇ ಹೋಗಿ ನಿಧಾನವಾಗಿ ಇಳಿಸುತ್ತೇನೆ. ಜೀವಕ್ಕೇ ಅಪಾಯ ಬಂದರೆ ಬಿಟ್ಟು, ಇಷ್ಟರಲ್ಲಿ ಎಲ್ಲೂ ಎಆರ್‌ಟಿ ನಿಲ್ಲಿಸುವುದಿಲ್ಲ.